ಮಗುವಿಗೆ ಫಿಟ್ಸ್ ಇದೆ, ಯಾವ ಪಾರ್ಟ್ ಟೈಮ್ ಕೆಲಸ ಹಿಡಿಯಲಿ?

ಪ್ರಶ್ನೆ:
ಮಗನಿಗೆ ಆರು ವರ್ಷ, ಫಿಟ್ಸ್ ಇದೆ. ಮಾತ್ರೆ ನಡೀತಿದೆ, ಆದ್ರೂ ಶಾಲೆಯಿಂದ ಯಾವಾಗ ಫೋನ್ ಬರುತ್ತೋ ಹೇಳೋಕಾಗಲ್ಲ. ದಿನಕ್ಕೆ ನಾಲ್ಕು ಗಂಟೆ ಬಿಡುವು ಸಿಗುತ್ತೆ. ಟೈಪಿಂಗ್ ವೇಗ ಚೆನ್ನಾಗಿದೆ. ಗ್ರಾಹಕರ ಜೊತೆ ಚಾಟ್ ಮಾಡೋ ಕೆಲಸ, ಆಡಿಯೋ ಕೇಳಿ ಟೈಪ್ ಮಾಡೋ ಟ್ರಾನ್ಸ್‌ಕ್ರಿಪ್ಷನ್, ಎರಡೂ ಕಣ್ಣಿಗೆ ಬಿದ್ದಿವೆ. ಯಾವುದು ಆಗಬಹುದು? ಮಗುವಿನ ವಿಷಯ ಮೊದಲೇ ಹೇಳಬೇಕಾ?

ಉತ್ತರ 1:
ಚಾಟ್ ಬೇಡ ಮೇಡಂ. ಪಾರ್ಟ್ ಟೈಮ್ ಅಂದಮಾತ್ರಕ್ಕೆ ನಮ್ಮ ಹೊತ್ತಿಗೆ ಹೊಂದುತ್ತೆ ಅಂತಲ್ಲ. ಚಾಟ್‌ಗೆ ಶಿಫ್ಟ್ ಇರುತ್ತೆ, ಲಾಗಿನ್ ಆಗಿದ್ದ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಮಧ್ಯೆ ಎದ್ದು ಓಡುವಂತಿಲ್ಲ. ಆನ್‌ಲೈನ್ ಟ್ಯೂಷನ್ನೂ ಅಷ್ಟೇ. ‘ಗುರುವಾರದೊಳಗೆ ಕೊಡಿ’ ಅನ್ನುವಂಥ ಗಡುವಿನ ಕೆಲಸ ಹುಡುಕಿ: ಟ್ರಾನ್ಸ್‌ಕ್ರಿಪ್ಷನ್, ಕರಡು ತಿದ್ದೋದು, ಸಣ್ಣ ಅಂಗಡಿಗಳ ಲೆಕ್ಕ ಬರೆಯೋದು.

ಇನ್ನೊಂದು, ವಾರಕ್ಕೆ 20 ಗಂಟೆ ಅಂತ ಮಾತು ಕೊಡಬೇಡಿ. ನಾಲ್ಕು ವಾರ, ಅಡ್ಡಿಯಿಲ್ಲದೆ ಕೂರೋಕೆ ಸಿಕ್ಕ ಗಂಟೆಗಳನ್ನಷ್ಟೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಾಲ್ಕರಲ್ಲಿ ಕೆಟ್ಟ ವಾರದಲ್ಲಿ ಒಂಬತ್ತೇ ಸಿಕ್ಕಿದ್ದರೆ, ಒಪ್ಪಿಕೊಳ್ಳಬೇಕಾದ್ದು ಒಂಬತ್ತೇ.

ಉತ್ತರ 2:
ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಹೊಸಬರು ಎಡವೋದು ದರದಲ್ಲಿ. ದರ ಸಾಮಾನ್ಯವಾಗಿ ಆಡಿಯೋದ ಗಂಟೆಗೆ, ನಿಮ್ಮ ಗಂಟೆಗಲ್ಲ. ದನಿ ಸ್ಪಷ್ಟವಿದ್ದರೂ ಕೈ ಪಳಗಿದವರಿಗೇ ಒಂದು ಗಂಟೆಯ ಆಡಿಯೋಗೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತೆ. ಹೊಸಬರಿಗೆ ಆರು ಅಥವಾ ಹೆಚ್ಚು. ಹೇಳಿದ ದರವನ್ನ ಆರರಿಂದ ಭಾಗಿಸಿ ನೋಡಿ, ಆಮೇಲೆ ಒಪ್ಪಿಕೊಳ್ಳಿ. ಮೊದಮೊದಲು 15 ನಿಮಿಷ ಮೀರದ, ಒಬ್ಬಿಬ್ಬರೇ ಮಾತಾಡುವ ಫೈಲ್ ಸಾಕು. ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವ ಮೀಟಿಂಗ್ ರೆಕಾರ್ಡಿಂಗ್ ಕಡೆ ಸದ್ಯಕ್ಕೆ ತಲೆ ಹಾಕಬೇಡಿ.

ಪ್ಲೇಯರ್ ವೇಗ 0.75ಕ್ಕೆ ಇಳಿಸಿ. ನಿಲ್ಲಿಸಿ ಮತ್ತೆ ಶುರು ಮಾಡಿದಾಗ ತಾನಾಗೇ ಎರಡು ಸೆಕೆಂಡ್ ಹಿಂದಕ್ಕೆ ಹೋಗುವಂತೆ ಇಟ್ಟುಕೊಳ್ಳಿ. ಕೇಳಿಸದ ಪದಕ್ಕೆ ಜಗ್ಗಾಡಬೇಡಿ, ‘[04:12 ಅಸ್ಪಷ್ಟ]’ ಅಂತ ಬರೆದು ಮುಂದೆ ಹೋಗಿ. ಎಷ್ಟೋ ಸಲ ಅದೇ ಪದ ಮುಂದೆ ಸ್ಪಷ್ಟವಾಗಿ ಬಂದಿರುತ್ತೆ. ಹೀಗೆ ಗುರುತು ಹಾಕಿದ್ದರೆ, ಅರ್ಧಕ್ಕೇ ಎದ್ದು ಹೋದರೂ ಎಲ್ಲಿ ನಿಂತಿತ್ತು ಅಂತ ತಡಕಾಡಬೇಕಿಲ್ಲ. ಹೆಸರುಗಳ ಕಾಗುಣಿತ, ವಿರಾಮ ಚಿಹ್ನೆ ನೋಡೋಕೆ ಆಡಿಯೋ ಬೇಡ. ಅದನ್ನ ಆಸ್ಪತ್ರೆಯಲ್ಲಿ ಕಾಯುವ ಹೊತ್ತಿಗೆ ಉಳಿಸಿ. ಗೋಪ್ಯ ಫೈಲ್ ಆದರೆ ಮಾತ್ರ ಅಲ್ಲಿ ತೆರೆಯಲೇಬೇಡಿ.

ಮಗು ಮನೆಯಲ್ಲಿದ್ದಾಗ ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಒಂದೇ ಕಿವಿಗೆ ಹಾಕಿ, ಅವನು ಕಣ್ಣಿಗೆ ಕಾಣುವ ಕಡೆ ಕೂತ್ಕೊಳ್ಳಿ. ಎಲ್ಲ ಫಿಟ್ಸೂ ಸದ್ದು ಮಾಡ್ಕೊಂಡು ಬರಲ್ಲ.

ಉತ್ತರ 3:
ಕಾಯಿಲೆಯ ಹೆಸರು ಹೇಳಲೇಬೇಕು ಅಂತಿಲ್ಲ. ಕೆಲಸ ಕೊಡೋರಿಗೆ ಬೇಕಾದ್ದು ಕೆಲಸದ ಮಟ್ಟಿನ ಮಾತು: ‘ಮನೆಯಲ್ಲಿ ಒಂದು ಜವಾಬ್ದಾರಿ ಇದೆ, ತುರ್ತಾಗಿ ಹೋಗಬೇಕಾಗಬಹುದು. ತಡವಾಗುವಂತಿದ್ದರೆ ಗಡುವಿಗೆ ಒಂದು ದಿನ ಮೊದಲೇ ತಿಳಿಸ್ತೀನಿ.’ ಇದನ್ನ ಇಮೇಲ್‌ನಲ್ಲೇ ಹೇಳಿ. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಕೇಳಿ, ಮುಗಿದಷ್ಟನ್ನ ಆಗಾಗ ಕಳಿಸ್ತಾ ಇರಿ. ಕೊನೇ ಗಳಿಗೆಯಲ್ಲಿ ‘ಆಗಲಿಲ್ಲ’ ಅಂದವರಿಗೆ ಎರಡನೇ ಫೈಲ್ ಬರೋದು ಕಷ್ಟ.

ನೋಂದಣಿ ಶುಲ್ಕ, ಡೆಪಾಸಿಟ್, ಟ್ರೇನಿಂಗ್ ಕಿಟ್ ಅಂತ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಡೇಟಾ ಎಂಟ್ರಿಯಲ್ಲಿ ಇನ್ನೊಂದು ಮೋಸ: ವಾರದಲ್ಲಿ ನೂರಾರು ಪುಟ, ಇಷ್ಟು ಶೇಕಡಾ ತಪ್ಪಿಲ್ಲದಿರಬೇಕು ಅಂತ ಒಪ್ಪಂದಕ್ಕೆ ಸಹಿ ಹಾಕಿಸ್ತಾರೆ. ಕೆಲಸ ಕೊಟ್ಟ ಮೇಲೆ ತಪ್ಪಿವೆ ಅಂತ ದಂಡ ಕೇಳಿ, ಲೀಗಲ್ ನೋಟಿಸ್ ಅಂತ ಬೆದರಿಸ್ತಾರೆ. ದಂಡದ ಷರತ್ತು ಇದ್ದ ಕಾಗದಕ್ಕೆ ಸಹಿ ಹಾಕಬೇಡಿ, ಗುರುತಿನ ಚೀಟಿಯ ನಕಲನ್ನೂ ಕೊಡಬೇಡಿ. ಬಿಟ್ಟಿ ಸ್ಯಾಂಪಲ್ ಒಂದೆರಡು ಪುಟ ಸರಿ, ಇಪ್ಪತ್ತು ಪುಟ ಕೇಳಿದರೆ ಅದು ಸ್ಯಾಂಪಲ್ ಅಲ್ಲ.

ಪ್ರಶ್ನೆ ಕೇಳಿದವರು:
ಲೆಕ್ಕ ಬರೆಯೋ ಕೆಲಸಕ್ಕೆ ಎಕ್ಸೆಲ್ ಸಾಕಾ?

ಉತ್ತರ 1:
ಶುರುವಿಗೆ ಸಾಕು. ಆದರೆ ತಿಂಗಳ ಕೊನೆ, ತೆರಿಗೆಯ ಕೊನೇ ದಿನ ಮುಂದೆ ಹೋಗಲ್ಲ. ಬಿಲ್‌ಗಳನ್ನ ವಾರವಾರ ತರಿಸಿ ಎಂಟ್ರಿ ಮುಗಿಸಿಡಿ. ಒಂದೇ ಅಂಗಡಿಯಿಂದ ಶುರು ಮಾಡಿ.