ಅಪ್‌ಡೇಟ್: ಜಲವರ್ಣ ಕೆಸರಾಗೋದು ಕೊನೆಗೂ ನಿಂತಿತು

ಎರಡು ವಾರದ ಹಿಂದೆ ಇಲ್ಲೇ ಕೇಳಿದ್ದೆ: ಇದ್ದಿಲಲ್ಲಿ ಚೆನ್ನಾಗಿ ಬರುವ ಚಿತ್ರ, ಜಲವರ್ಣಕ್ಕೆ ಬಂದ ಕೂಡಲೇ ಯಾಕೆ ಕೆಸರು ಬಣ್ಣ ಆಗುತ್ತೆ ಅಂತ. ನೀವು ಕೊಟ್ಟ ಸಲಹೆಗಳನ್ನು ಮಾಡಿ ನೋಡಿದೆ, ಏನಾಯ್ತು ಅಂತ ಹೇಳಿಬಿಡ್ತೀನಿ.

ದುಬಾರಿ ಬ್ರಷ್ ತಂದೆ, ಏನೂ ಪ್ರಯೋಜನವಾಗಲಿಲ್ಲ. ಕೆಸರು ಅಷ್ಟೇ ನುಣುಪಾಗಿ ಬಂತು! 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಕಾಗದದಿಂದ ಸುಕ್ಕು ಕಡಿಮೆಯಾಯಿತು, ಬಣ್ಣ ಹಾಗೇ ಇತ್ತು.

ಕೆಲಸ ಮಾಡಿದ್ದು "ಬಣ್ಣ ಆರುವ ತನಕ ಕೈ ಕಟ್ಟಿ ಕೂತ್ಕೊಳ್ಳಿ" ಅಂದವರ ಸಲಹೆ. ಇದ್ದಿಲನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಅಭ್ಯಾಸ ನೋಡಿ, ಒದ್ದೆ ಬಣ್ಣವನ್ನೂ ಹಾಗೇ ಕೆದಕುತ್ತಿದ್ದೆ. ಹಸಿರು ಎಲೆ ಆರುವ ಮೊದಲೇ ಪಕ್ಕದಲ್ಲಿ ಕೆಂಪು ಹೂವು. ಬಣ್ಣಗಳ ಚಕ್ರದಲ್ಲಿ ಎದುರುಬದುರು ಇರುವ ಇಂಥ ಬಣ್ಣಗಳು ಬೆರೆತರೆ ಕಂದು, ಬೂದು ಆಗದೆ ಇನ್ನೇನಾಗುತ್ತೆ? ಈಗ ಬೆರಳಿನ ಹಿಂಬದಿಯನ್ನು ಕಾಗದಕ್ಕೆ ಮೆಲ್ಲಗೆ ತಾಗಿಸಿ ನೋಡ್ತೀನಿ. ತಣ್ಣಗಿದ್ದರೆ ಒಳಗೆ ಇನ್ನೂ ಪಸೆ ಇದೆ ಅಂತ ಅರ್ಥ. ಮೂರೇ ಬಣ್ಣ ಬಳಸಿ ಅಂದ ಸಲಹೆಯೂ ಜಾಸ್ತಿನೇ ಸಹಾಯವಾಯಿತು.

ಗೊತ್ತಿಲ್ಲದ ವಿಷಯ ಒಂದಿತ್ತು. ಜಲವರ್ಣ ಆರಿದ ಮೇಲೆ ತಿಳಿ ಬಣ್ಣಕ್ಕೆ ತಿರುಗುತ್ತೆ, ನಾನು ಬಳಸುವ ಇನ್ನೊಂದು ಬಣ್ಣ ಅಕ್ರಿಲಿಕ್ ಸಾಮಾನ್ಯವಾಗಿ ಗಾಢವಾಗುತ್ತೆ. ಒಂದೇ ಕಣ್ಣಲ್ಲಿ ಎರಡನ್ನೂ ಅಳೆಯುತ್ತಿದ್ದೆ, ತಪ್ಪಿದ್ದು ಅಲ್ಲೇ.

ಸ್ಫೂರ್ತಿಗೆ ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಫ್ರಾನ್ಸ್‌ನ ಆರ್ಲ್‌ನಲ್ಲಿ ಬಿಡಿಸಿದ ಜೊಂಡಿನ ಲೇಖನಿಯ ಚಿತ್ರಗಳನ್ನು ನೋಡಿ ಅಂದಿದ್ದರಲ್ವಾ, ನೋಡಿದೆ. ಬರೀ ಚುಕ್ಕಿ, ಗೀಟು. ಹುಲ್ಲಿಗೊಂದು ಥರ, ಆಕಾಶಕ್ಕೊಂದು ಥರ. ಅವರ ತೈಲವರ್ಣದಲ್ಲೂ ಅಂಥದೇ ಗೀಟುಗಳಿವೆ! ಸದ್ಯ ಶಾಯಿ ಹಿಡಿದು ಅದನ್ನೇ ಗೀಚ್ತಾ ಇದ್ದೀನಿ.