ಅಪ್‌ಡೇಟ್: ಪೆಗ್ ಬಿಟ್ಟ ಮೇಲೆ ನನ್ನ ಬಿಪಿ

ಎರಡು ತಿಂಗಳ ಹಿಂದೆ ಕೇಳಿದ್ದೆ: ದಿನಾ ರಾತ್ರಿ 60 ಎಂಎಲ್‌ನ ಎರಡು ಪೆಗ್ ವಿಸ್ಕಿ ಕುಡಿಯುತ್ತೇನೆ, ಮಾತ್ರೆ ನುಂಗಿದರೂ ಡಾಕ್ಟರ್ ಹತ್ತಿರ ಅಳೆದಾಗ ಬಿಪಿ 150ರ ಕೆಳಗೆ ಬರುತ್ತಿಲ್ಲ, ಕುಡಿತವೇ ಕಾರಣವಾ ಅಂತ. ಹೌದು, ಅದೂ ಒಂದು ಕಾರಣ.

ನಾನು ಮೋಸ ಹೋಗಿದ್ದು ಮನೆಯ ಬಿಪಿ ಮಷಿನ್ ನೋಡಿ. ಕುಡಿದ ಒಂದೆರಡು ಗಂಟೆಗೆ ಅಳೆದರೆ 134 ತೋರಿಸುತ್ತಿತ್ತು. "ನೋಡು, ಇಳಿದೈತಿ" ಅಂತ ಮನೆಯವಳ ಮುಂದೆ ಜಂಬ ಬೇರೆ! ಬೆಳಗ್ಗೆ ಅಳೆಯುತ್ತಲೇ ಇರಲಿಲ್ಲ. ಗಂಗಾವತಿಯಲ್ಲಿ ನಾನು ತೋರಿಸುವ ಡಾಕ್ಟರ್ ಬಿಡಿಸಿ ಹೇಳಿದರು. ಕುಡಿದಾಗ ಮೊದಲು ರಕ್ತನಾಳ ಸಡಿಲವಾಗಿ ಬಿಪಿ ಸ್ವಲ್ಪ ಇಳಿಯುತ್ತದೆ. ಆಮೇಲೆ ಏರುತ್ತದೆ, ಬೆಳಗಿನ ಹೊತ್ತಿಗೆ ಜಾಸ್ತಿ ಇರುತ್ತದೆ. ಮರುದಿನ ಬೆಳಗ್ಗೆ ನೋಡಿದರೆ 152/96.

ಒಂದೇ ಸಲ ಬಿಡುತ್ತೇನೆ ಅಂದಾಗ ಅವರೇ ತಡೆದರು. ದಿನಾ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಕೈ ನಡುಕ, ಬೆವರು ಬರಬಹುದು, ಬಿಪಿ ಏರಬಹುದು, ತುಂಬಾ ಕುಡಿಯುವವರಿಗೆ ಫಿಟ್ಸ್ ಕೂಡ ಬರಬಹುದಂತೆ. ಹಾಗಾಗಿ ಎರಡು ವಾರ ಒಂದೊಂದೇ ಪೆಗ್, ಆಮೇಲೆ ಪೂರ್ತಿ ಬಂದ್.

ಈಗ ಆರು ವಾರ ಆಯಿತು. ಬೆಳಗಿನ ಬಿಪಿ 136, 138ರ ಹತ್ತಿರ. ಪೆಗ್ ಜೊತೆ ಹೋಗುತ್ತಿದ್ದ ಉಪ್ಪು ಶೇಂಗಾ, ಮಿರ್ಚಿಯೂ ಹೋದವು ಅನ್ನಿ, ಅದರ ಪಾಲೂ ಇರಬೇಕು. ಮಾತ್ರೆ ಮಾತ್ರ ಅಷ್ಟೇ ಇದೆ, ನಾನಾಗಿಯೇ ಕಡಿಮೆ ಮಾಡಿಲ್ಲ. ನಿದ್ದೆ ಮೊದಲ ವಾರ ಸರಿ ಬರಲಿಲ್ಲ, ಈಗ ಗೊರಕೆಯೂ ಕಡಿಮೆಯಂತೆ. ಮುಂದಿನ ತಿಂಗಳು ಭಾವನ ಮಗನ ಮದುವೆ ಇದೆ, ಕೊಪ್ಪಳದಲ್ಲಿ. ಅಲ್ಲೇ ನಿಜವಾದ ಪರೀಕ್ಷೆ.