ಮೆಟ್ಟಿಲು ಹತ್ತಿದ್ದು ಬ್ಯಾಂಡಿಗೆ ಕಾಣಲ್ಲ, ತೆಂಗಿನಕಾಯಿ ತುರಿದದ್ದು ಕಾಣುತ್ತೆ! ಏನು ಮಾಡಲಿ?

ಸೀಮೆಸುಣ್ಣ | ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆ ಹೈಸ್ಕೂಲ್ ಮೇಡಂ, ವಯಸ್ಸು 44. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಗಡಿಯಲ್ಲಿದೆ ಎಂದರು ಡಾಕ್ಟರ್. ಮಾತ್ರೆ ಈಗಲೇ ಬೇಡ, ವಾರಕ್ಕೆ 150 ನಿಮಿಷ ಮೈ ಬಗ್ಗಿಸಿ, ಮೂರು ತಿಂಗಳು ಬಿಟ್ಟು ನೋಡೋಣ ಎಂದರು.

ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ನನ್ನ ಕೈಲಿ ಆಗದ ಮಾತು. ಡಬ್ಬಿ ಕಟ್ಟಿ 8 ಗಂಟೆಯ ಬಸ್ಸು ಹಿಡಿಯಬೇಕು. ಅದಕ್ಕೇ ಚೂರುಪಾರು ಮಾಡುತ್ತಿದ್ದೇನೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ 20 ಬಸ್ಕಿ. ಬಸ್ ಸ್ಟಾಪಿಗೆ 7 ನಿಮಿಷ ಬಿರುಸು ನಡಿಗೆ, ಸಂಜೆ ವಾಪಸ್ ಬರುವಾಗ ಮತ್ತೆ 7. ನನ್ನ ಕ್ಲಾಸುಗಳೆಲ್ಲ ಎರಡನೇ ಮಹಡಿಯಲ್ಲಿ, ದಿನಕ್ಕೆ 6 ಸಲ ಹತ್ತುತ್ತೇನೆ. ಮಧ್ಯಾಹ್ನ ಊಟ ಆದಮೇಲೆ ಮೈದಾನದ ಸುತ್ತ 8 ನಿಮಿಷ.

ಅಕ್ಕನ ಮಗ ಕೈಗೆ ಕಟ್ಟಿಕೊಂಡು ಹೆಜ್ಜೆ, ಎದೆಬಡಿತ ಎಣಿಸುವ ಒಂದು ಫಿಟ್‌ನೆಸ್ ಬ್ಯಾಂಡ್ ಕೊಡಿಸಿದ್ದಾನೆ. ಎರಡು ಸಾವಿರದೊಳಗಿನದು. ಅದು ದಿನಾ ರಾತ್ರಿ ತೋರಿಸುವುದು ಒಂದೇ: ವ್ಯಾಯಾಮ 0 ನಿಮಿಷ. ಆದರೆ ಭಾನುವಾರ ತುರಿಮಣೆ ಮುಂದೆ ಕೂತು ಒಂದು ತೆಂಗಿನಕಾಯಿ ತುರಿದೆ ನೋಡಿ, 212 ಹೆಜ್ಜೆ ಕೊಟ್ಟಿತು!

ಬ್ಯಾಂಡ್ ಕೆಟ್ಟಿದೆಯಾ, ಸೆಟ್ಟಿಂಗ್ ತಪ್ಪಾ? ಇನ್ನೊಂದು ಮಾತು. ಒಂದೊಂದು ನಿಮಿಷದ್ದನ್ನೆಲ್ಲ ಲೆಕ್ಕ ಇಟ್ಟು ಪ್ರಯೋಜನ ಇದೆಯಾ, ಇಲ್ಲಾ ಸುಮ್ನೆ ಸಮಾಧಾನಕ್ಕಾ?

ತಿರುಪುಳಿ | ಸೋಮವಾರ, ರಾತ್ರಿ 10:05

ಮೇಡಂ, ತೆಂಗಿನಕಾಯಿ ಕಂಡಿದೆ ಅಂದರೆ ಬ್ಯಾಂಡ್ ಕೆಟ್ಟಿಲ್ಲ. ಅದಕ್ಕೆ ಕಾಲು ಕಾಣುವುದಿಲ್ಲ, ಕೈ ಅಲುಗಾಡುವುದಷ್ಟೇ ಗೊತ್ತು. ಒಂದೇ ಲಯದಲ್ಲಿ ಕೈ ಆಡಿದರೆ ಹೆಜ್ಜೆ ಎಂದುಕೊಳ್ಳುತ್ತದೆ. ಬಟ್ಟೆ ಒಗೆದರೂ ಕೊಡುತ್ತದೆ, ಮಜ್ಜಿಗೆ ಕಡೆದರೂ ಕೊಡುತ್ತದೆ.

ನಾಲ್ಕು ವಿಷಯ ಹೇಳಿ. ಯಾವ ಕೈಗೆ ಕಟ್ಟುತ್ತೀರಿ? ಮೆಟ್ಟಿಲು ಹತ್ತುವಾಗ ಆ ಕೈ ಏನು ಮಾಡುತ್ತಿರುತ್ತದೆ? ಬಿಗಿಯಾಗಿದೆಯಾ? ಆ್ಯಪಿನಲ್ಲಿ ಹಾರ್ಟ್ ರೇಟ್ ಎಷ್ಟು ನಿಮಿಷಕ್ಕೊಮ್ಮೆ ಎಂದಿದೆ?

ಸೀಮೆಸುಣ್ಣ | ಮಂಗಳವಾರ, ಸಂಜೆ 6:40

ಎಡಗೈಗೆ. ಅಯ್ಯೋ, ಈಗ ಹೊಳೆಯಿತು! ಮೆಟ್ಟಿಲು ಹತ್ತುವಾಗ ಎಡಗೈಯಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದಿರುತ್ತೇನೆ. ಬಲಗೈಯಲ್ಲಿ ಪುಸ್ತಕ, ಹಾಜರಿ ಪುಸ್ತಕ. ಬಿಗಿ ಇಲ್ಲ, ಬ್ಯಾಂಡಿನ ಮೇಲೆ ಕೆಳಗೆ ಬಳೆ ಇವೆ. ಹಾರ್ಟ್ ರೇಟ್ 30 ನಿಮಿಷಕ್ಕೊಮ್ಮೆ ಅಂತ ಇತ್ತು.

ತಿರುಪುಳಿ | ಮಂಗಳವಾರ, ರಾತ್ರಿ 8:15

ಸಿಕ್ಕಿತಲ್ಲ. ಒಂದಲ್ಲ, ಮೂರು ಕಾರಣ ಸೇರಿಕೊಂಡಿವೆ.

ಮೊದಲನೆಯದು ನೆರಿಗೆ. ಕೈ ಹೊಟ್ಟೆಯ ಹತ್ತಿರ ನಿಂತುಬಿಟ್ಟರೆ ಬ್ಯಾಂಡ್ ಪಾಲಿಗೆ ನೀವು ಕೂತಿದ್ದೀರಿ. ಸೂಪರ್ ಮಾರ್ಕೆಟ್ಟಿನಲ್ಲಿ ಗಾಡಿ ತಳ್ಳುವವರದ್ದೂ, ಮಗು ಎತ್ತಿಕೊಂಡವರದ್ದೂ ಇದೇ ಕಥೆ. ಜೊತೆಗೆ, ಸುಳ್ಳು ಲೆಕ್ಕ ಬರದಿರಲಿ ಅಂತ ಎಷ್ಟೋ ಬ್ಯಾಂಡುಗಳು ಸತತ ಹತ್ತು ಹೆಜ್ಜೆಯಾದರೂ ಆಗುವತನಕ ಎಣಿಸಲು ಶುರುವೇ ಮಾಡುವುದಿಲ್ಲ. ನಡುವೆ ಮೆಟ್ಟಿಲ ತಿರುವಿನಲ್ಲಿ ಮಗುವೊಂದು ನಮಸ್ತೆ ಮಿಸ್ ಎಂದು ನಿಲ್ಲಿಸಿದರೆ ಮತ್ತೆ ಮೊದಲಿಂದ.

ಎರಡನೆಯದು ಹಾರ್ಟ್ ರೇಟ್. ಒಳಗಿನ ಹಸಿರು ಬೆಳಕು ಚರ್ಮಕ್ಕೆ ಬಿದ್ದು, ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಬಳೆ ತಾಗಿ ಬ್ಯಾಂಡ್ ಜಾರಿದರೆ ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ, ಲೆಕ್ಕ ಕೆಡುತ್ತದೆ. ಇನ್ನು 30 ನಿಮಿಷಕ್ಕೊಮ್ಮೆ ಕಣ್ಣು ಬಿಡುವ ಯಂತ್ರಕ್ಕೆ 40 ಸೆಕೆಂಡಿನ ಮೆಟ್ಟಿಲು ಕಾಣುವುದು ಲಾಟರಿ ಹೊಡೆದ ಹಾಗೆ. ಪ್ರತಿ ನಿಮಿಷಕ್ಕೆ ಬದಲಿಸಿ, ಬ್ಯಾಟರಿ ಬೇಗ ಇಳಿಯುತ್ತದೆ ಅಷ್ಟೇ. ಹಾಗೆ ಮಾಡಿದರೂ ಒಂದು ತಮಾಷೆ ಇದೆ. ಹೃದಯ ತಡವಾಗಿ ಏರುತ್ತದೆ, ಬ್ಯಾಂಡ್ ಇನ್ನೂ ತಡವಾಗಿ ಬರೆದುಕೊಳ್ಳುತ್ತದೆ. ಜಾಸ್ತಿ ಬಡಿತ ಕಾಣುವುದು ನೀವು ಕ್ಲಾಸಿನಲ್ಲಿ ಹಾಜರಿ ಕೂಗುವಾಗ.

ಮೂರನೆಯದು ತಾನಾಗಿ ಗುರುತಿಸುವ ವ್ಯವಸ್ಥೆ, ಅಂದರೆ ಆಟೋ ಡಿಟೆಕ್ಷನ್. ಇದಕ್ಕೆ ಸಾಮಾನ್ಯವಾಗಿ ಸತತ 10 ಅಥವಾ 15 ನಿಮಿಷ ಬೇಕು. ಫಿಟ್‌ಬಿಟ್ ಕಂಪನಿಯ ಬ್ಯಾಂಡಿನಲ್ಲಿ ಅದು ಮೊದಲಿಗೆ 15ಕ್ಕೆ ಇರುತ್ತದೆ, ನಾವು 10ಕ್ಕೆ ಇಳಿಸಿಕೊಳ್ಳಬಹುದು. ನಿಮ್ಮ ಅತಿ ಉದ್ದದ ನಡಿಗೆಯೇ 8 ನಿಮಿಷ. ಹಾಗಾಗಿ 0.

ಒಂದು ಪರೀಕ್ಷೆ ಮಾಡಿ. ಕಾರಿಡಾರಿನಲ್ಲಿ ಮನಸ್ಸಿನಲ್ಲೇ ಎಣಿಸುತ್ತಾ 100 ಹೆಜ್ಜೆ, ಕೈ ಬೀಸಿ. ಆಮೇಲೆ ನೆರಿಗೆ ಹಿಡಿದು 100. ಆಮೇಲೆ ಬ್ಯಾಂಡನ್ನು ಕಾಲಿಗೆ ಕಟ್ಟಿ 100. ನಗಬೇಡಿ, ಮಾಡಿ.

ಸೀಮೆಸುಣ್ಣ | ಬುಧವಾರ, ಸಂಜೆ 7:00

ಕೈ ಬೀಸಿ: 97. ನೆರಿಗೆ ಹಿಡಿದು: 23. ಕಾಲಿಗೆ: 99. ಜವಾನ ನೋಡಿ ಮೇಡಂ ಗೆಜ್ಜೆ ಬದಲಿಸಿದರಾ ಎಂದ.

ಹಳೇ ಸೈಕಲ್ | ಬುಧವಾರ, ರಾತ್ರಿ 8:30

ಮೇಡಂ, ಇಷ್ಟೆಲ್ಲ ಯಾಕೆ? ನಾನು ಒಂದು ವರ್ಷ ಇದರ ಗುಲಾಮನಾಗಿದ್ದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಗುರಿ. ರಾತ್ರಿ 11 ಗಂಟೆಗೆ 9,400 ಅಂತ ತೋರಿಸಿದರೆ ಹಾಲ್‌ನಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಮೀಟರಿನ ಹೆಸರು ಮಾನ್ಪೊಕೇ. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರುವವರು ಇಟ್ಟ ಹೆಸರು, ವೈದ್ಯರು ಬರೆದ ಚೀಟಿ ಅಲ್ಲ.

ನನ್ನ ಕೇಳಿದರೆ, ತುಂಡು ತುಂಡು ವ್ಯಾಯಾಮವನ್ನು ಮಾಡಿ, ಮರೆತುಬಿಡಿ.

ನೈಟ್ ಡ್ಯೂಟಿ | ಗುರುವಾರ, ಬೆಳಿಗ್ಗೆ 7:50

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ನರ್ಸ್.

ಹಳೇ ಸೈಕಲ್ ಅಣ್ಣಾ, ಹತ್ತು ಸಾವಿರದ ಮಾತು ಒಪ್ಪಿದೆ. ಮರೆತುಬಿಡಿ ಅನ್ನುವುದನ್ನು ಒಪ್ಪಲ್ಲ. ಶುಗರ್ ಗಡಿಯಲ್ಲಿರುವವರು ಮರೆತರೆ ಎರಡೇ ವಾರಕ್ಕೆ ಬಸ್ಕಿಯೂ ಮರೆತುಹೋಗುತ್ತದೆ. ದಿನಾ ನೋಡುತ್ತೇನೆ.

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಮೊದಲು ನಿಯಮವೇ ಬೇರೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಸಲಹೆಯಲ್ಲಿ, ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆದರೆ ಮಾತ್ರ ಲೆಕ್ಕ ಎಂದಿತ್ತು. 2020ರ ಸಲಹೆಯಲ್ಲಿ ಆ ಷರತ್ತು ತೆಗೆದುಹಾಕಿದರು. ಈಗ ಎಷ್ಟು ಚಿಕ್ಕದಾದರೂ ಸೇರುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. ಅಂದರೆ ಜೋರಿನ ಒಂದು ನಿಮಿಷ ಸಾಧಾರಣದ ಎರಡಕ್ಕೆ ಸಮ. ನಿಯಮ ಬದಲಾಯಿತು, ನಿಮ್ಮ ಬ್ಯಾಂಡ್ ಇನ್ನೂ ಹಳೇ ಕಾಲದಲ್ಲಿದೆ ಅನ್ನಿ.

2022ರ ಡಿಸೆಂಬರಿನಲ್ಲಿ ನೇಚರ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬ್ರಿಟನ್ನಿನ 25,241 ಜನ, ಯಾರೂ ವ್ಯಾಯಾಮ ಅಂತ ಮಾಡುವವರಲ್ಲ. ಕೈಗೆ ಅಳತೆ ಯಂತ್ರ ಕಟ್ಟಿ, ಆಮೇಲೆ ಸುಮಾರು 7 ವರ್ಷ ಅವರ ಆರೋಗ್ಯದ ದಾಖಲೆ ನೋಡಿದರು. ದಿನಕ್ಕೆ ಮೂರು ಸಲ, ಒಂದೆರಡು ನಿಮಿಷ ಏದುಸಿರು ಬರುವಷ್ಟು ಓಡಾಡುತ್ತಿದ್ದವರಲ್ಲಿ ಸಾವಿನ ಅಪಾಯ, ಹಾಗೆ ಓಡಾಡದವರಿಗಿಂತ 38ರಿಂದ 40 ಶೇಕಡ ಕಡಿಮೆ ಕಂಡಿತು. ಬಸ್ ಹಿಡಿಯಲು ಓಡುವುದು, ಮೆಟ್ಟಿಲು, ಇಂಥವೇ.

ಹಳೇ ಸೈಕಲ್ | ಗುರುವಾರ, ಬೆಳಿಗ್ಗೆ 9:10

ತಂಗೀ, ಅದು ನೋಡಿ ಹೇಳಿದ್ದು, ಮಾಡಿಸಿ ಹೇಳಿದ್ದಲ್ಲ. ಮೊದಲೇ ಗಟ್ಟಿ ಇದ್ದವರು ಮೆಟ್ಟಿಲು ಹತ್ತಿರಬಹುದು ಅಲ್ವಾ?

ನೈಟ್ ಡ್ಯೂಟಿ | ಗುರುವಾರ, ಸಂಜೆ 5:30

ನಿಜ, ಅದನ್ನೇ ಪ್ರಮಾಣ ಮಾಡಿ ಹೇಳಲು ಆಗಲ್ಲ. ಆದರೆ ಮಾಡಿಸಿ ನೋಡಿದ್ದೂ ಇದೆ, ಚಿಕ್ಕದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರದ್ದು, 2019ರಲ್ಲಿ ಪ್ರಕಟವಾಯಿತು. ಕೂತೇ ಇರುವ ಯುವಕ ಯುವತಿಯರಿಗೆ 60 ಮೆಟ್ಟಿಲು ಬಿರುಸಾಗಿ ಹತ್ತಿಸಿದರು. ದಿನಕ್ಕೆ ಮೂರು ಸಲ, ನಡುವೆ ಗಂಟೆಗಟ್ಟಲೆ ಬಿಡುವು, ವಾರಕ್ಕೆ ಮೂರು ದಿನ, 6 ವಾರ. ದಮ್ಮು ಸುಮಾರು 5 ಶೇಕಡ ಜಾಸ್ತಿ ಆಯಿತು. ಪವಾಡ ಅಲ್ಲ, ಆದರೆ ಸೊನ್ನೆಯೂ ಅಲ್ಲ.

ಅಕ್ಕನಿಗೆ ಇದಕ್ಕಿಂತ ಬೇಕಾದದ್ದು ಇನ್ನೊಂದು. 2013ರಲ್ಲಿ 60 ದಾಟಿದ, ಶುಗರ್ ಬರುವ ಅಪಾಯ ಇರುವ ಹತ್ತು ಜನರ ಮೇಲೆ ಪ್ರಯೋಗ ಮಾಡಿದರು. ಮೂರು ಹೊತ್ತೂ ಊಟವಾದ ಮೇಲೆ 15 ನಿಮಿಷ ನಡೆದರೆ, ಇಡೀ ದಿನದ ಶುಗರ್‌ಗೆ ಬೆಳಿಗ್ಗೆ ಒಟ್ಟಿಗೆ 45 ನಿಮಿಷ ನಡೆದಷ್ಟೇ ಪ್ರಯೋಜನ. ರಾತ್ರಿ ಊಟದ ನಂತರದ ಶುಗರ್ ಮಾತ್ರ ತುಂಡು ನಡಿಗೆಯಲ್ಲೇ ಚೆನ್ನಾಗಿ ಇಳಿಯಿತು. ಜನ ಕಡಿಮೆ, ಸರಿ. ಆದರೆ ನೀವು ಬರೆದಿಡಬೇಕಾದದ್ದು ಎಷ್ಟು ನಿಮಿಷ ಅನ್ನುವುದಷ್ಟೇ ಅಲ್ಲ, ಯಾವ ಹೊತ್ತು ಅನ್ನುವುದನ್ನೂ.

ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ ಬ್ಯಾಂಡ್ ನೋಡುತ್ತಾ ನಿಲ್ಲಬೇಡಿ, ಡಾಕ್ಟರ ಹತ್ತಿರ ಹೋಗಿ.

ಸೀಮೆಸುಣ್ಣ | ಗುರುವಾರ, ರಾತ್ರಿ 9:45

ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್ ತಂಗೀ. ಜೋರು, ಸಾಧಾರಣ ಅಂತ ಬ್ಯಾಂಡ್ ಇಲ್ಲದೆ ಗೊತ್ತಾಗುವುದು ಹೇಗೆ? ಕ್ಯಾಲೊರಿ ಬರೆದಿಟ್ಟರೆ ಆಗಲ್ವಾ?

ತಿರುಪುಳಿ | ಶುಕ್ರವಾರ, ಮಧ್ಯಾಹ್ನ 1:30

ಕ್ಯಾಲೊರಿ ಬರೆದರೆ ಬೇಜಾರಾಗುತ್ತದೆ ಮೇಡಂ, ಲೆಕ್ಕ ಹಾಕಿ ತೋರಿಸುತ್ತೇನೆ. ತೂಕ 60 ಕೆ.ಜಿ., ಎರಡು ಮಹಡಿ ಅಂದರೆ 7 ಮೀಟರ್ ಅಂದುಕೊಳ್ಳೋಣ. 60 × 9.8 × 7 = 4,116 ಜೌಲ್. ಹತ್ತಿರ ಹತ್ತಿರ 1 ಕ್ಯಾಲೊರಿ. ಮೈಯಲ್ಲಿ ಖರ್ಚಾಗುವುದರಲ್ಲಿ ಕಾಲು ಭಾಗದಷ್ಟೇ ಮೇಲೆತ್ತುವ ಕೆಲಸಕ್ಕೆ ಸಿಗುತ್ತದೆ, ಉಳಿದದ್ದು ಶಾಖ. ಹಾಗಾಗಿ ನಾಲ್ಕು ಕ್ಯಾಲೊರಿ. ಆರು ಸಲ ಹತ್ತಿದರೆ 24. ಅರ್ಧ ಇಡ್ಲಿ! ಲಾಭ ಇರುವುದು ದಮ್ಮಿನಲ್ಲಿ, ಶುಗರ್‌ನಲ್ಲಿ. ಕ್ಯಾಲೊರಿ ಕಾಲಂ ನೋಡಿದರೆ ಅದು ಕಾಣುವುದೇ ಇಲ್ಲ.

ಜೋರು ಗೊತ್ತುಮಾಡುವುದಕ್ಕೆ ಮಾತಾಡಿ ನೋಡುವುದು ಅಂತ ಒಂದು ಹಳೇ ವಿಧಾನ ಇದೆ. ಮಾತಾಡಬಹುದು, ಹಾಡಲು ಆಗಲ್ಲ ಎಂದರೆ ಸಾಧಾರಣ. ನಾಲ್ಕು ಪದಕ್ಕೆ ಉಸಿರು ಎಳೆದುಕೊಳ್ಳಬೇಕು ಎಂದರೆ ಜೋರು. ನಿಮಗಂತೂ ಹಾಜರಿ ಪುಸ್ತಕ ಕೈಯಲ್ಲೇ ಇದೆ. ಹತ್ತಿದ ಕೂಡಲೇ ಹೆಸರು ಕೂಗಿ. ಎಷ್ಟನೇ ಹೆಸರಿಗೆ ನಿಲ್ಲಿಸುತ್ತೀರಿ ನೋಡಿ.

ಸೀಮೆಸುಣ್ಣ | ಶನಿವಾರ, ಮಧ್ಯಾಹ್ನ 2:15

ಮೂರನೇ ಹೆಸರಿಗೇ ನಿಂತೆ. ಮುಂದಿನ ಬೆಂಚಿನವರು ನಕ್ಕರು.

ಕೈಲೆಕ್ಕ ಹಾಕಿದೆ. ಶನಿವಾರದ ಅರ್ಧ ದಿನ ಬಿಟ್ಟು 5 ದಿನ. ಬಸ್ ಸ್ಟಾಪಿನ ನಡಿಗೆ 70 ನಿಮಿಷ. ಮೆಟ್ಟಿಲು ದಿನಕ್ಕೆ 4 ನಿಮಿಷ, ವಾರಕ್ಕೆ 20, ಜೋರಾದ್ದರಿಂದ 40. ಮಧ್ಯಾಹ್ನದ್ದು 40. ಒಟ್ಟು ಸರಿಯಾಗಿ 150! 0 ಅಂತ ತೋರಿಸುತ್ತಿದ್ದ ಬ್ಯಾಂಡನ್ನು ನೋಡಿ ಒಂದು ತಿಂಗಳು ಕೊರಗಿದೆನಲ್ಲ.

ನೈಟ್ ಡ್ಯೂಟಿ | ಶನಿವಾರ, ಸಂಜೆ 4:00

ಅಕ್ಕಾ, ನಿಜ ಹೇಳಿ. ಮಧ್ಯಾಹ್ನದ ನಡಿಗೆ ಒಬ್ಬರೇನಾ, ಜೊತೆಗೆ ಯಾರಾದರೂ ಇರುತ್ತಾರಾ?

ಸೀಮೆಸುಣ್ಣ | ಶನಿವಾರ, ಸಂಜೆ 4:20

ಸಿಕ್ಕಿಬಿದ್ದೆ. ಹಿಂದಿ ಮೇಡಂ ಇರುತ್ತಾರೆ. ಊರ ಸುದ್ದಿಯೆಲ್ಲ ಅಲ್ಲೇ. ಹಾಡೂ ಹೇಳಬಹುದು. 110 ಅಂತ ಇಟ್ಟುಕೊಳ್ಳಿ.

ನೈಟ್ ಡ್ಯೂಟಿ | ಶನಿವಾರ, ಸಂಜೆ 4:25

ಹಾಗಂತ ನಿಲ್ಲಿಸಬೇಡಿ, ಉಂಡು ಕೂರುವುದಕ್ಕಿಂತ ನಿಧಾನಕ್ಕೆ ನಡೆಯುವುದೂ ಶುಗರ್‌ಗೆ ಒಳ್ಳೆಯದೇ. 150ರ ಖಾತೆಗೆ ಮಾತ್ರ ಬೇಡ. ರಾತ್ರಿ ಊಟದ ಮೇಲೆ 10 ನಿಮಿಷ ಬಿರುಸಾಗಿ ಸೇರಿಸಿ. ಬಸ್ಕಿಗೆ ಬೇರೆ ಕಾಲಂ: ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ಕೆಲಸ ಬೇಕು ಅಂತಲೂ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಲಹೆಯಲ್ಲಿದೆ. ಬಸ್ಕಿ ಆ ಲೆಕ್ಕಕ್ಕೆ.

ಸೀಮೆಸುಣ್ಣ | ಎರಡು ವಾರದ ನಂತರ, ಭಾನುವಾರ

ಏನಾಯಿತು ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ಬ್ಯಾಂಡನ್ನು ಬಲಗೈಗೆ ಹಾಕಿ ನೋಡಿದೆ. ಬೋರ್ಡ್ ಮೇಲೆ ವ್ಯಾಕರಣ ಬರೆದದ್ದಕ್ಕೆಲ್ಲ ಹೆಜ್ಜೆ ಕೊಟ್ಟಿತು. ಮತ್ತೆ ಎಡಗೈಗೇ ಬಂದೆ. ಬಳೆ ತೆಗೆಯಲಿಲ್ಲ, ಬ್ಯಾಂಡನ್ನೇ ಬಳೆಗಳಿಗಿಂತ ಮೇಲಕ್ಕೆ ಏರಿಸಿ ಬಿಗಿ ಮಾಡಿದೆ. ಈಗ ಬಡಿತ ಸರಿ ತೋರಿಸುತ್ತದೆ, ನಾಡಿ ಹಿಡಿದು ಎಣಿಸಿ ನೋಡಿದೆ. ಹಾರ್ಟ್ ರೇಟ್ ಪ್ರತಿ ನಿಮಿಷಕ್ಕೆ ಬದಲಿಸಿದ ಮೇಲೆ ಚಾರ್ಜ್ ಐದೇ ದಿನ ಬರುತ್ತದೆ. ಬಸ್ ಸ್ಟಾಪಿಗೆ ಹೊರಡುವಾಗ ನಾನೇ ಬಟನ್ ಒತ್ತಿ ವಾಕಿಂಗ್ ಶುರು ಮಾಡುತ್ತೇನೆ, ಆಗ 7 ನಿಮಿಷವೂ ದಾಖಲಾಗುತ್ತದೆ.

ಮೆಟ್ಟಿಲಿಗೆ ಬಟನ್ ಒತ್ತುವುದೆಲ್ಲ ಆಗಲಿಲ್ಲ. ಎರಡು ದಿನ ಮಾಡಿ ಬಿಟ್ಟೆ. ಪಾಠದ ಡೈರಿಯ ಹಿಂದಿನ ಪುಟದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದೇನೆ: ಮೆಟ್ಟಿಲು, ರಾತ್ರಿ ನಡಿಗೆ, ಬಸ್ಕಿ. ಮಾಡಿದ್ದಕ್ಕೆ ಪಿ, ಬಿಟ್ಟಿದ್ದಕ್ಕೆ ಎ. ಹೋದ ವಾರ ರಾತ್ರಿ ನಡಿಗೆಗೆ ಎರಡು ಎ ಬಿದ್ದಿವೆ, ಮಳೆ. ಹಾಜರಿ ಈಗ ಏಳನೇ ಹೆಸರಿನ ತನಕ ಒಂದೇ ಉಸಿರಿನಲ್ಲಿ ಹೋಗುತ್ತದೆ. ಶುಗರ್ ಪರೀಕ್ಷೆಗೆ ಇನ್ನೂ ಟೈಮಿದೆ.

ಹಳೇ ಸೈಕಲ್ | ಭಾನುವಾರ, ರಾತ್ರಿ 8:00

ಡೈರಿ ಐಡಿಯಾ ಕದಿಯುತ್ತೇನೆ. ನನಗೆ ಎ ಜಾಸ್ತಿ ಬೀಳುತ್ತವೆ.

ಸೀಮೆಸುಣ್ಣ | ಭಾನುವಾರ, ರಾತ್ರಿ 8:10

ಕದಿಯಿರಿ ಸರ್. ನಮ್ಮ ಮನೆಯವರೂ ಈಗ ಬ್ಯಾಂಡ್ ಕೇಳುತ್ತಿದ್ದಾರೆ. ಇನ್ನು ಮೇಲೆ ಕಾಯಿ ತುರಿಯುವುದು ಅವರದ್ದೇ ಕೆಲಸವಂತೆ, ಹೆಜ್ಜೆ ಬರುತ್ತದಲ್ಲ. ಬರಲಿ ಅಂತ ಕೊಟ್ಟಿದ್ದೇನೆ.